ನೀರಜ್ಜಿಯ ಟ್ರೇಲರ್

ಇವತ್ತು ಬೆಳಿಗ್ಗೆ ನಮ್ಮತ್ತೆ ಬಚ್ಚಲ ಒಲೆಯಿಂದ ನಾಲ್ಕು ಕೆಂಡ ತೆಗೆದು ಮಣ್ಣಿನ ತಟ್ಟೆಗೆ ಹಾಕಿ, ಅದರ ಮೇಲೆ ಸಾಂಬ್ರಾಣಿ ಉದುರಿಸಿದರು. ಜೊತೆಗೆ ಒಂದು ಹಿಡಿ ಬೆಳ್ಳುಳ್ಳಿ ಸಿಪ್ಪೆ, ಚಿಟಿಕೆ ಓಮ. ಹೊಗೆ ಬಚ್ಚಲ ಬಾಗಿಲು ದಾಟಿ ನಾನು ಕೂತಿದ್ದಲ್ಲಿಗೆ ಬಂತು. ಮೂರು ತಿಂಗಳ ಮಗಳು ತೊಡೆಯ ಮೇಲೆ ಕಾಲು ಕುಣಿಸುತ್ತಿದ್ದಳು. ನಾನು ತವರಿನಿಂದ ಹೆಗ್ಗಡದೇವನಕೋಟೆಗೆ, ಗಂಡನ ಮನೆಗೆ ಬಂದು ಇನ್ನೂ ಹತ್ತು ದಿನವಾಗಿಲ್ಲ. ಎಲ್ಲರ ಮನೆಯಲ್ಲೂ ಈ ಹೊಗೆ ಮೂಗಿಗೆ ಬಿದ್ದರೆ ಎಳೆ ಕೂಸಿನ ನೆನಪಾಗುತ್ತದೆ. ನನಗೆ ಮಾತ್ರ ಹಾಗಲ್ಲ. ಆ ಹೊಗೆಯ ಹಿಂದೆ ಒಂದು ಮುಖ ಇರುತ್ತದೆ... ನಾನೇ ಕೆಡಿಸಿದ ಮುಖ.

ನಮ್ಮೂರು ಬೆಟ್ಟದಪುರದ ಹತ್ತಿರ. ಆಚೆ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಮಗ, ಸೊಸೆ, ಎರಡು ಎಮ್ಮೆ, ಹಿತ್ತಲ ತುಂಬ ಕನಕಾಂಬರ. ಊರಿನಲ್ಲಿ ಯಾರಿಗೆ ಹೆರಿಗೆಯಾದರೂ ಕೂಸಿಗೆ ನೀರು ಹಾಕಲು ಅವರೇ ಬರಬೇಕು. ಅದಕ್ಕೇ ಎಲ್ಲರ ಬಾಯಲ್ಲೂ ಅವರು ನೀರಜ್ಜಿ. ನನಗೆ ನೀರು ಹಾಕಿದ್ದು ಅವರೇ, ನಮ್ಮಕ್ಕನಿಗೂ ಅವರೇ, ನಮ್ಮಮ್ಮ ಹೇಳುವ ಪ್ರಕಾರ ಊರಿನ ಪಂಚಾಯಿತಿ ಮೆಂಬರಿಗೂ ಅವರೇ. ಆ ಮನುಷ್ಯ ಬೀದಿಯಲ್ಲಿ ಜೋರು ಮಾಡಿದರೆ ಅಜ್ಜಿ ಜಗಲಿಯಿಂದಲೇ, "ಏ, ನಿನ್ ಅಂಡು ತೊಳ್ದೋಳು ಕಣ್ಲಾ ನಾನು, ಮೆಲ್ಗೆ ಮಾತಾಡು" ಎನ್ನುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ.

ಅವರು ನೀರು ಹಾಕುವುದನ್ನು ನೋಡಲು ನಾನು ಚಿಕ್ಕಂದಿನಲ್ಲಿ ಬಚ್ಚಲ ಬಾಗಿಲಲ್ಲೇ ಕೂರುತ್ತಿದ್ದೆ. ಅಜ್ಜಿ ಮಣೆಯ ಮೇಲೆ ಕಾಲು ನೀಡಿ ಕೂತು, ಕೂಸನ್ನು ಮೊಣಕಾಲಿನ ಮೇಲೆ ಅಂಗಾತ ಮಲಗಿಸಿ, ಬೆಚ್ಚಗಿನ ಹರಳೆಣ್ಣೆ ತಿಕ್ಕುತ್ತಿದ್ದರು. ನೆತ್ತಿ, ಕತ್ತು, ಕಂಕುಳು, ಮೊಣಕಾಲ ಸಂದು. ಆಮೇಲೆ ಹಂಡೆಯ ನೀರು, ಚೊಂಬಿನಿಂದ ಚೊಂಬಿಗೆ. ಕೊನೆಯ ಚೊಂಬನ್ನು ಕೂಸಿನ ಸುತ್ತ ಮೂರು ಸಲ ನಿವಾಳಿಸಿ ಮೂಲೆಗೆ ಚೆಲ್ಲುತ್ತಿದ್ದರು. ಆಮೇಲೆ ಹೊಗೆ. ಇಷ್ಟು ಹೊತ್ತೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಕೂಸನ್ನು ಚೆಂದ ಅನ್ನಬಾರದು, ಕಣ್ಣು ತಾಕುತ್ತದೆ. ಅದಕ್ಕೆ ಅವರು ಬಯ್ಯುತ್ತಿದ್ದರು. ಕೊಳಕು, ಕೋತಿ, ಮೂದೇವಿ... ಪ್ರೀತಿ ಉಕ್ಕಿದಷ್ಟೂ ಬೈಗುಳ ಜಾಸ್ತಿ. ಉಕ್ಕಿ ತುಂಬಿ ತಡೆಯಲಾಗದೆ ಹೋದಾಗ ಒಂದು ಮಾತು ಬರುತ್ತಿತ್ತು.

"ಅಳ್ತೀಯಾ? ಅತ್ರೆ ತಿಂದ್ಬುಡ್ತೀನಿ ಕಣ್ಲಾ ನಿನ್ನ. ಬೆಣ್ಣೆ ಮುದ್ದೆ ಅಂಗವ್ನೆ. ಉಪ್ಪೂ ಬ್ಯಾಡ, ಖಾರವೂ ಬ್ಯಾಡ, ಅಂಗೇ ತಿಂದ್ಬುಡ್ತೀನಿ. ಥೂ ಥೂ, ನನ್ ಕಣ್ಣೇ ತಾಕೀತು."

ಎಂದು ಹೇಳಿ ಇದ್ದ ನಾಲ್ಕು ಹಲ್ಲನ್ನೂ ತೋರಿಸಿ ನಗುತ್ತಿದ್ದರು. ಆ ನಗು ಬೀದಿಯ ತುದಿಗೆ ಕೇಳಿಸುತ್ತಿತ್ತು.

ನಾನು ಹುಣಸೂರಿಗೆ ಡಿಗ್ರಿ ಓದಲು ಹೋಗುತ್ತಿದ್ದ ಕಾಲ, ಏಳೆಂಟು ವರ್ಷದ ಹಿಂದಿನ ಮಾತು. ಪತ್ರಿಕೋದ್ಯಮ ತೆಗೆದುಕೊಂಡಿದ್ದೆ. ಬಸ್ಸಿನಲ್ಲಿ ಹೊಗೆಸೊಪ್ಪಿನ ಬೇಲುಗಳ ವಾಸನೆ, ಕೈಯಲ್ಲಿ ನೋಟ್‌ಬುಕ್ಕು, ತಲೆಯಲ್ಲಿ ಇಡೀ ಮೈಸೂರು ಜಿಲ್ಲೆಯಲ್ಲಿ ನನ್ನಂಥ ಬುದ್ಧಿವಂತೆ ಇಲ್ಲವೆಂಬ ಗರ್ವ. ಕೊನೆಯ ವರ್ಷ ನಮ್ಮ ಮೇಷ್ಟ್ರು ಒಂದು ಕೆಲಸ ಕೊಟ್ಟರು. ಸಿನಿಮಾ ಮಾಡಬೇಕಿಲ್ಲ, ಇಲ್ಲದ ಸಿನಿಮಾಕ್ಕೆ ಎರಡು ನಿಮಿಷದ ಟ್ರೇಲರ್ ಮಾಡಿ. ಮೊದಲು ಜಾನರ್ ಆರಿಸಿಕೊಳ್ಳಿ, ಪ್ರೇಮಕಥೆಯೋ, ಹಾಸ್ಯವೋ, ಹಾರರೋ, ಸಾಕ್ಷ್ಯಚಿತ್ರವೋ. ಆಮೇಲೆ ಅದಕ್ಕೊಪ್ಪುವ ಬಣ್ಣ, ಸದ್ದು, ಓಟ. "ಜಾನರ್ ಅಂದ್ರೆ ನೋಡೋನಿಗೆ ಮೊದ್ಲೇ ಕೊಡೋ ಕನ್ನಡಕ. ಅದನ್ನ ಹಾಕ್ಕೊಂಡ ಮೇಲೆ ಏನು ತೋರ್ಸಿದ್ರೂ ಅದೇ ಬಣ್ಣದಲ್ಲಿ ಕಾಣ್ತದೆ" ಅಂದರು. ನಾನು ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆಯನ್ನೂ ಎಳೆದೆ. ಅರ್ಥವಾಗಿದ್ದರೆ ಗೆರೆ ಬೇಕಿರಲಿಲ್ಲ.

ನಮ್ಮ ಗುಂಪಿನಲ್ಲಿ ಮೂವರು. ಕೆ.ಆರ್. ನಗರದ ಗೆಳತಿಗೆ ಪ್ರೇಮಕಥೆ ಬೇಕು, ನಾಲೆಯ ಏರಿ, ಗದ್ದೆ, ಹಸಿರು ದುಪಟ್ಟ. ಹೆಗ್ಗಡದೇವನಕೋಟೆ ಕಡೆಯ ಸಹಪಾಠಿಗೆ ಕಾಡು ಬೇಕು, ಆನೆ ಬೇಕು, ಯಾರಾದರೂ ಕಾಣೆಯಾಗಬೇಕು. "ಆನೆನ ನಿಮ್ಮಪ್ಪ ಕರ್ಕೊಂಡು ಬತ್ತಾರೇನ್ಲಾ?" ಎಂದು ನಾನು ರೇಗಿದೆ. ಒಂದು ವಾರ ಕ್ಯಾಂಟೀನಿನಲ್ಲಿ ಇದೇ ಜಗಳ. ಮನೆಯಲ್ಲಿ ಜಾನರ್, ಜಾನರ್ ಎಂದು ಫೋನಿನಲ್ಲಿ ಕೂಗಾಡುತ್ತಿದ್ದರೆ ನಮ್ಮಮ್ಮ ಸೌಟು ಹಿಡಿದು ಬಂದು, "ಅದ್ಯಾವ ಜಾನುವಾರವ್ವ, ಯಾರ್ದು ತಪ್ಪಿಸ್ಕೊಂಡಿರೋದು?" ಎಂದು ಕೇಳಿದರು. ಕೊನೆಗೆ ನಾನೇ ಗೆದ್ದೆ. ಸಾಕ್ಷ್ಯಚಿತ್ರ. ನೀರಜ್ಜಿಯ ಮೇಲೆ. ಅಕ್ಕ ಬಾಣಂತನಕ್ಕೆ ಬಂದಿದ್ದಳು, ಅವಳ ಮಗನಿಗೆ ದಿನಾ ಅಜ್ಜಿಯೇ ನೀರು ಹಾಕುತ್ತಿದ್ದರು, ಕ್ಯಾಮೆರಾ ಕಾಲೇಜಿನದು. ಇನ್ನೇನು ಬೇಕು?

ಕೇಳಿದಾಗ ಅಜ್ಜಿಗೆ ನಾಚಿಕೆ. ಸೆರಗು ಕಚ್ಚಿಕೊಂಡು, "ಏನ್ ಪಿಚ್ಚರ್ ಮಗಾ ಅದು?" ಅಂದರು.

"ನಿಮ್ ಬಗ್ಗೇನೇ ಅಜ್ಜಿ."

"ಅಂಗಾರೆ ನಾನು ನೆಗಾಡೋದು ಬರ್ಲಿ ಕಣವ್ವ. ಫೋಟೋ ಒಂದ್ರಲ್ಲೂ ನಾನು ನೆಗಾಡಿಲ್ಲ, ಅಲ್ಲಾಡ್ಬ್ಯಾಡಿ ಅಂತ ಗದರ್ಸ್ತಾರೆ."

ಇಷ್ಟೇ ಅವರು ಕೇಳಿದ್ದು. ನಾನು ಹ್ಞೂಂ ಅಂದೆ. ಮಾರನೆಯ ದಿನ ಹಬ್ಬಕ್ಕೆ ಉಡುವ ಸೀರೆ ಉಟ್ಟು ಬಂದರು, ನೀರು ಹಾಕಲು! ಬಚ್ಚಲಲ್ಲಿ ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ಕೂತರು. ಕೂಸಿನ ಮುಖ ತೋರಿಸಬೇಡಿ ಎಂದು ಅಕ್ಕ ಹೇಳಿದ್ದಳು, ಹಾಗಾಗಿ ನಾವು ಕಾಲು, ಬೆರಳು, ಹೊಗೆ, ಅಜ್ಜಿಯ ಕೈ, ಅಜ್ಜಿಯ ಮುಖ ಇಷ್ಟನ್ನೇ ಚಿತ್ರಿಸಿದೆವು. ನಲವತ್ತು ನಿಮಿಷ. ಮಧ್ಯೆ ಮಧ್ಯೆ ಅಜ್ಜಿ ತಮ್ಮ ಮೊಮ್ಮಗಳ ಮಾತು ತೆಗೆಯುತ್ತಿದ್ದರು. ಮಗನ ಮಗಳು, ಕೆ.ಆರ್. ನಗರದ ಪಕ್ಕದ ಹಳ್ಳಿಗೆ ಕೊಟ್ಟಿದ್ದರು, ಆಗ ಬಸುರಿ. ಚೊಚ್ಚಲು, ಹೆರಿಗೆಗೆ ಇಲ್ಲಿಗೇ ಬರುತ್ತಾಳೆ. "ಊರೋರ ಕೂಸೆಲ್ಲ ಆಯ್ತು. ನನ್ ಕರುಳಿನ ಕೂಸಿಗೆ ಒಂದ್ ಮೂರ್ ತಿಂಗ್ಳು ನೀರು ಹುಯ್ದ್ಬುಟ್ರೆ ಸಾಕು, ಈ ಕೈ ಬಿದ್ದೋದ್ರೂ ಚಿಂತಿಲ್ಲ" ಅಂದರು. ಹಳೆಯ ಸೀರೆಗಳನ್ನು ಒಗೆದು, ಹರಿದು, ಮೆತ್ತಗೆ ಮಡಿಸಿ ಒಂದು ಟ್ರಂಕಿನಲ್ಲಿ ಆಗಲೇ ಜೋಡಿಸಿಟ್ಟಿದ್ದರು. ಅದನ್ನೂ ನಮಗೆ ತೆಗೆದು ತೋರಿಸಿದರು.

ಎಡಿಟಿಂಗಿಗೆ ಕೂತಾಗ ನನಗೆ ಬೇಸರ ಬಂತು. ಅಜ್ಜಿ ನೀರು ಹಾಕುತ್ತಾರೆ, ಕೂಸು ಅಳುತ್ತದೆ, ಅಜ್ಜಿ ನಗುತ್ತಾರೆ. ಸರಿ, ಆಮೇಲೆ? ನಮ್ಮ ಮನೆಯ ಬಚ್ಚಲಲ್ಲಿ ದಿನಾ ನಡೆಯುವುದೇ ಪರದೆಯ ಮೇಲೂ ನಡೆಯುತ್ತಿತ್ತು. ಬೇರೆ ಗುಂಪಿನವರು ಕಾರು, ಕತ್ತಿ, ರಕ್ತ ಎಲ್ಲ ತೋರಿಸುತ್ತಾರಂತೆ ಎಂದು ಕೆ.ಆರ್. ನಗರದವಳು ಹೇಳಿದಳು. ನನಗೆ ಮೈಯೆಲ್ಲ ಉರಿಯಿತು. ಆಗ ಕೋಟೆಯವನು ತಮಾಷೆಗೆ ಚಿತ್ರದ ಬಣ್ಣವನ್ನು ನೀಲಿಗೆ ತಿರುಗಿಸಿ, ಬೆಳಕು ಇಳಿಸಿ, ಕೆಳಗೆ ಒಂದು ಗುಂಯ್ ಎನ್ನುವ ಸದ್ದು ಹಾಕಿದ. ಮಟಮಟ ಮಧ್ಯಾಹ್ನ ತೆಗೆದ ಚಿತ್ರ ಕತ್ತಲಾಯಿತು. ಹೊಗೆಯೊಳಗಿಂದ ಮುಖವೊಂದು ನಿಧಾನ ಮೇಲೆದ್ದು ನಮ್ಮನ್ನು ನೋಡಿತು.

"ಹಾರರ್ ಮಾಡಣ" ಎಂದವಳು ನಾನೇ. ಅವರಿಬ್ಬರ ತಲೆಗೆ ಕಟ್ಟಿ ತಪ್ಪಿಸಿಕೊಳ್ಳುವುದಿಲ್ಲ. ಕತ್ತರಿ ನನ್ನ ಕೈಯಲ್ಲಿತ್ತು. 'ಅಳ್ತೀಯಾ' ತೆಗೆದೆ. 'ಬೆಣ್ಣೆ ಮುದ್ದೆ' ತೆಗೆದೆ. 'ಥೂ ಥೂ' ತೆಗೆದೆ. ಉಪ್ಪೂ ಬ್ಯಾಡ... ಖಾರವೂ ಬ್ಯಾಡ... ಕತ್ತಲು... ಹೊಗೆಯಲ್ಲಿ ಒದ್ದಾಡುವ ಎಳೆ ಪಾದ... ತಿಂದ್ಬುಡ್ತೀನಿ. ಅಜ್ಜಿಯ ದನಿಯನ್ನು ಒಂದಿಷ್ಟು ಕೆಳಗಿಳಿಸಿದೆ, ಗಂಟಲಿನಿಂದಲ್ಲ ಬಾವಿಯಿಂದ ಬಂದ ಹಾಗೆ ಕೇಳಿಸಿತು. ನಗುವನ್ನು ಎಲ್ಲಿಟ್ಟರೂ ಹೆದರಿಕೆ ಒಡೆದುಹೋಗುತ್ತಿತ್ತು, ಅದಕ್ಕೆ ಒಂದೂ ಬಿಡದೆ ಕಿತ್ತು ಹಾಕಿದೆ. ಕೊನೆಯಲ್ಲಿ ಬಿಳಿ ಅಕ್ಷರ: 'ನೈಜ ಘಟನೆ ಆಧಾರಿತ'. ಹಾರರ್ ಟ್ರೇಲರ್ ಅಂದಮೇಲೆ ಅದಿರಬೇಕಲ್ಲ, ಎಲ್ಲರೂ ಹಾಕುತ್ತಾರೆ. ಮುಂದೇನಾಯಿತು ಎಂದು ಹೇಳದೆ ಬಿಡುವುದೇ ಟ್ರೇಲರಿನ ಗಮ್ಮತ್ತು. ಕೂಸಿಗೆ ಏನಾಯಿತೆಂದು ನಾವೂ ಹೇಳಲಿಲ್ಲ.

ಕಾಲೇಜಿನಲ್ಲಿ ತೋರಿಸಿದ ದಿನ ಹಿಂದಿನ ಬೆಂಚಿನಿಂದ ಒಬ್ಬಳು ಚೀರಿದಳು. ಅದಕ್ಕಿಂತ ದೊಡ್ಡ ಬಹುಮಾನ ಬೇಕೆ? ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ, "ಆ ಅಜ್ಜಿ ಇದನ್ನ ನೋಡಿದ್ದಾರಾ?" ಎಂದು ಕೇಳಿದರು. ತೋರಿಸ್ತೀವಿ ಸಾರ್ ಅಂದೆ. ಸಂಜೆಯೊಳಗೆ ಗೆಳತಿ ಅದನ್ನು ತನ್ನ ಸ್ಟೇಟಸ್ಸಿಗೆ ಹಾಕಿದಳು. ಕೆ.ಆರ್. ನಗರದಲ್ಲಿ ಯಾರ್‍ಯಾರೋ ಇಳಿಸಿಕೊಂಡರು, ಯಾರ್‍ಯಾರಿಗೋ ಕಳಿಸಿದರು. ಯಾರೋ ನಮ್ಮೂರಿನ ಹೆಸರನ್ನೂ ಸೇರಿಸಿದರು. ನನಗೆ ಆಗಲೂ ಹೆಮ್ಮೆಯೇ.

ಅಜ್ಜಿಯ ಮೊಮ್ಮಗಳಿಗೆ ಬಸಿರು ಏಳು ತಿಂಗಳಾದಾಗ ಮಡಿಲು ತುಂಬಲು ಕರೆಸಿದರು. ಶಾಸ್ತ್ರ ಮುಗಿಸಿಕೊಂಡು ಹೋಗಿ, ಒಂಬತ್ತಕ್ಕೆ ಹೆರಿಗೆಗೆ ಬರುವುದೆಂದು ಮಾತಾಗಿತ್ತು. ಅವಳ ಅತ್ತೆಯೂ ಬಂದಿದ್ದರು. ಊಟವಾದ ಮೇಲೆ ಆಯಮ್ಮ ಎಲೆಯಡಿಕೆ ಹಾಕಿಕೊಂಡು ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತರು. ಒಳಗೆ ಅಜ್ಜಿ ಮೊಮ್ಮಗಳಿಗೆ ಬಳೆ ತೊಡಿಸುತ್ತಾ ಹಾಡುತ್ತಿದ್ದರು. ಆಯಮ್ಮ ಸೊಂಟದಿಂದ ಫೋನು ತೆಗೆದು, ಸದ್ದು ಸಣ್ಣಗೆ ಮಾಡಿ ನನ್ನ ಮುಂದೆ ಹಿಡಿದರು.

"ಇದು ನೀನು ಮಾಡಿದ್ದಂತಲ್ಲವ್ವ?"

"ಹ್ಞೂಂ ಅಕ್ಕ, ನಾನೇ."

"ದನಿ ನಮ್ ಬೀಗರ ಮನೆ ಅಜ್ಜೀದೇನಾ? ಇಲ್ಲಾ ನೀವು ಸೇರ್ಸಿರೋದಾ?"

ಅಯ್ಯೋ ದೇವರೇ, ಈ ಪ್ರಶ್ನೆ ಕೇಳಿ ನಾನು ಉಬ್ಬಿಹೋದೆನಲ್ಲ! ಹಳ್ಳಿಯ ಹೆಂಗಸೊಬ್ಬರು ಸೌಂಡಿನ ಬಗ್ಗೆ ವಿಚಾರಿಸುತ್ತಿದ್ದಾರೆ, ನನ್ನ ಕೆಲಸವನ್ನು ಮೆಚ್ಚಿಕೊಂಡಿದ್ದಾರೆ ಅಂದುಕೊಂಡೆ.

"ಒರಿಜಿನಲ್ ಕಣಕ್ಕ! ಡಬ್ಬಿಂಗ್ ಗಿಬ್ಬಿಂಗ್ ಏನಿಲ್ಲ. ಅಜ್ಜೀನೇ ಅಂದಿದ್ದು."

"ಎಳೆ ಕೂಸಿಗಾ?"

"ಹ್ಞೂಂ, ಕೂಸಿಗೇ."

ಆಯಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಎದ್ದು ಅಂಗಳಕ್ಕೆ ಹೋಗಿ ಎಲೆಯಡಿಕೆ ಉಗಿದು ಬಂದರು. ಮತ್ತೆ ನನ್ನ ಪಕ್ಕ ಕೂರಲಿಲ್ಲ. ಒಳಗೆ ಹೋಗಿ ಸೊಸೆಯ ತೋಳು ಹಿಡಿದು, ಬಸ್ಸಿಗೆ ಹೊತ್ತಾಯಿತು ಅಂದರು. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ನನಗೆ ಆಗಲಾದರೂ ಹೊಳೆಯಬೇಕಿತ್ತು. ಒರಿಜಿನಲ್ ಅಂದರೆ ನನಗೆ ಕ್ಯಾಮೆರಾ ಮುಂದೆ ಹಿಡಿದ ಸದ್ದು. ಅವರಿಗೆ ಮನಸ್ಸಿನಲ್ಲಿ ಇದ್ದದ್ದೇ ಬಾಯಿಗೆ ಬಂದ ಮಾತು. ಆ ಒಂದು ಪದವನ್ನು ಮಧ್ಯೆ ಇಟ್ಟುಕೊಂಡು ನಾವಿಬ್ಬರೂ ಬೇರೆ ಬೇರೆ ಮಾತಾಡಿದ್ದೆವು.

ಎಂಟು ದಿನಕ್ಕೆ ಸುದ್ದಿ ಬಂತು. ಹೆರಿಗೆಗೆ ಕಳಿಸುವುದಿಲ್ಲ. ಮೈಸೂರಿನ ಆಸ್ಪತ್ರೆ ಹತ್ತಿರವಾಗುತ್ತದೆ ಎಂಬ ನೆಪ. ಅಜ್ಜಿಯ ಮಗ ಎರಡು ಸಲ ಹೋಗಿ ಕೇಳಿದ. ಎರಡನೇ ಸಲ ಬೀಗರು ಬಾಯಿಬಿಟ್ಟು ಹೇಳಿಯೇಬಿಟ್ಟರು, ನಿಮ್ಮವ್ವನ ಕೈಗೆ ನಮ್ಮ ಕೂಸು ಕೊಡಲ್ಲ ಎಂದು. ಅವನು ಬಂದು ಅಂಗಳದಲ್ಲಿ ನಿಂತು ಅದನ್ನು ಹೇಳುವಾಗ ಅಜ್ಜಿ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುತ್ತಿದ್ದರಂತೆ. ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ನಿಂತರು ಎಂದು ನಮ್ಮಮ್ಮ ಹೇಳಿದರು.

ಅಲ್ಲಿಗೇ ಮುಗಿಯಲಿಲ್ಲ. ನಮ್ಮೂರಿನವರಿಗೆ ಅಜ್ಜಿಯ ಬಾಯಿ ಗೊತ್ತಿಲ್ಲವೆ? ಎಲ್ಲರಿಗೂ ಗೊತ್ತು. ಆದರೂ ಬೇರೆ ಊರಿನಿಂದ ಬಂದ ಸೊಸೆಯರಿಗೆ ಅವರ ತವರಿನಿಂದ ಫೋನು ಬರತೊಡಗಿತು. ಒಬ್ಬಳು ಡಾಕ್ಟರು ಬೇಡ ಅಂದರು ಅಂದಳು. ಇನ್ನೊಬ್ಬಳು ನಮ್ಮಮ್ಮನೇ ಬಂದಿದಾಳೆ ಅಂದಳು. ಮತ್ತೊಬ್ಬಳ ಕೂಸಿಗೆ ಜ್ವರ ಬಂತು, ಎರಡು ದಿನದ ಹಿಂದೆ ಅಜ್ಜಿ ಅದನ್ನು ಎತ್ತಿಕೊಂಡಿದ್ದರು. ಜ್ವರ ನಾಲ್ಕು ದಿನಕ್ಕೆ ಇಳಿಯಿತು, ಮಾತು ಇಳಿಯಲಿಲ್ಲ. ಅಜ್ಜಿ ಬೀದಿಯಲ್ಲಿ ಬಂದರೆ ಎಳೆ ತಾಯಂದಿರು ಸೆರಗು ಎಳೆದು ಕೂಸಿನ ಮುಖ ಮುಚ್ಚುತ್ತಿದ್ದರು. ಯಾರೂ ಬಯ್ಯಲಿಲ್ಲ, ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ಅಜ್ಜಿ ಗೆಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಅವರೇ ನಮ್ಮ ಮನೆಗೆ ಬಂದರು. ದೊಡ್ಡವರಲ್ಲಿ ನಾನೊಬ್ಬಳೇ ಇದ್ದೆ. "ಅದ್ಯಾವ್ದೋ ಪಿಚ್ಚರಂತಲ್ಲ, ತೋರ್ಸು" ಅಂದರು. ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ಎರಡು ನಿಮಿಷವೂ ಅಲ್ಲಾಡದೆ ನೋಡಿದರು. ಮುಗಿದ ಮೇಲೂ ಕಪ್ಪು ಪರದೆಯನ್ನು ನೋಡುತ್ತಲೇ ಇದ್ದರು. ಬೈಯಲಿ ಎಂದು ಕಾದೆ. ನನ್ನ ಅಂಡು ತೊಳೆದವರು, ಕಪಾಳಕ್ಕೆ ಒಂದು ಬಿಟ್ಟಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ.

"ನಾನು ನೆಗಾಡಿದ್ನಲ್ಲ ಮಗಾ" ಅಂದರು. "ಅದೆಲ್ಲೋಯ್ತು?"

"ಅದು... ಇಡಕ್ಕಾಗ್ಲಿಲ್ಲ ಅಜ್ಜಿ."

"ಯಾಕವ್ವ?"

"ಹೊಂದ್ತಿರ್ಲಿಲ್ಲ."

ಅವರು ತಲೆಯಾಡಿಸಿದರು, ಅಂಗಡಿಯಲ್ಲಿ ಕೇಳಿದ್ದು ಇಲ್ಲ ಎಂದಾಗ ತಲೆಯಾಡಿಸುವ ಹಾಗೆ. ಫೋನನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು ಹೋದರು. ಬಾಗಿಲಿನಲ್ಲಿ ಅಕ್ಕನ ಮಗ ತೊಟ್ಟಿಲಲ್ಲಿ ಮಲಗಿದ್ದ. ಬಗ್ಗಿ ನೋಡಲಿಲ್ಲ. ಅವನಿಗೆ ಮೂರು ತಿಂಗಳು ನೀರು ಹಾಕಿದ್ದ ಅಜ್ಜಿ, ತೊಟ್ಟಿಲನ್ನು ಸುತ್ತಿಕೊಂಡು ಗೋಡೆಯ ಪಕ್ಕದಿಂದ ಆಚೆ ಹೋದರು.

ನಾನು ಏನು ಮಾಡಬಹುದಿತ್ತು? ಹುಣಸೂರಿನಲ್ಲಿ ಕೆ.ಆರ್. ನಗರದ ಬಸ್ಸು ಹತ್ತಿ, ಆ ಬೀಗಿತ್ತಿಯ ಮನೆ ಹುಡುಕಿ, ಪೂರ್ತಿ ವಿಡಿಯೋ ತೋರಿಸಿ, ಕಾಲು ಹಿಡಿದು ಬರಬಹುದಿತ್ತು. ಮುಂದಿನ ಭಾನುವಾರ ಹೋಗೋಣ ಅಂದುಕೊಂಡೆ. ಆ ಭಾನುವಾರ ಪರೀಕ್ಷೆ. ಅದರಾಚೆಯ ಭಾನುವಾರ ನಾಚಿಕೆ. ನಾಚಿಕೆ ಬಂದಮೇಲೆ ಎಲ್ಲ ಭಾನುವಾರಗಳೂ ಒಂದೇ. ಕೊನೆಗೆ ಧೈರ್ಯ ಮಾಡಿ ಕಾಲೇಜಿಗೆ ಹೋಗಿ ಆ ನಲವತ್ತು ನಿಮಿಷದ ಚಿತ್ರ ಕೇಳಿದೆ. ಮೆಮೊರಿ ಕಾರ್ಡನ್ನು ಮುಂದಿನ ವರ್ಷದ ಮಕ್ಕಳಿಗೆ ಕೊಡಲು ಅಳಿಸಿ ಆಗಿತ್ತು. ಥೂ ನನ್ನ ಜನ್ಮಕ್ಕಿಷ್ಟು. ಒಂದು ಪ್ರತಿ ಇಟ್ಟುಕೊಳ್ಳಬೇಕೆಂದು ಸಹ ತೋಚಿರಲಿಲ್ಲ. ಅಜ್ಜಿಯ ನಗು ಅಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಈಗ ಅವರ ದನಿ ಎಲ್ಲಾದರೂ ಉಳಿದಿದ್ದರೆ ಆ ಟ್ರೇಲರಿನಲ್ಲಿ ಮಾತ್ರ... ನಾನು ಇಳಿಸಿದ ದನಿ.

ಮರಿಮಗಳು ಹುಟ್ಟಿದಳು. ಅಜ್ಜಿ ಅವಳನ್ನು ನೋಡಿದ್ದು ಒಂದೇ ಸಲ, ಪಿರಿಯಾಪಟ್ಟಣದ ಕಲ್ಯಾಣ ಮಂಟಪದಲ್ಲಿ, ಯಾರದೋ ಮದುವೆಗೆ ಹೋದಾಗ. ನಾನೂ ಇದ್ದೆ. ಮೊಮ್ಮಗಳು ಕೂಸನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಹತ್ತಿರ ಬಂದಳು, ಹಿಂದೆಯೇ ಅವಳ ಅತ್ತೆ. ಅಜ್ಜಿ ತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಯಾರೂ ಹೆದರಬಾರದೆಂದು. ಕೂಸು ನಕ್ಕಿತು. ಅಜ್ಜಿ ಸೆರಗನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡರು. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಆ ಟ್ರಂಕಿನ ಬಟ್ಟೆಗಳನ್ನು ಸೊಸೆ ಎಮ್ಮೆ ಮೈ ಒರೆಸಲು ತೆಗೆದುಕೊಂಡಳು.

ಇವತ್ತು ನಮ್ಮತ್ತೆ ಹೊಗೆ ಹಾಕಿ, ಕೈ ಒರೆಸಿಕೊಂಡು, ಫೋನು ತಂದು ನನ್ನ ಪಕ್ಕ ಕೂತರು. "ನೋಡವ್ವ ಇಲ್ಲಿ. ನಮ್ ಕೋಟೆ ಕಡೆ ಕಾಡಂಚಲ್ಲಿ ಯಾವ್ದೋ ಊರಲ್ಲಿ ನಡೆದಿರೋದಂತೆ. ಕೂಸ್ನ ಯಾರ್ ಕೈಗೂ ಕೊಡ್ಬ್ಯಾಡ, ಇಂಥೋರೂ ಅವ್ರೆ" ಅಂದರು. ನೋಡುವ ಮೊದಲೇ ಆ ಗುಂಯ್ ಸದ್ದು ಕೇಳಿಸಿತು. ಮೇಲೆ ಕೆಂಪು ಅಕ್ಷರದಲ್ಲಿ ಯಾರೋ 'ಎಚ್ಚರಿಕೆ' ಎಂದು ಸೇರಿಸಿದ್ದರು. ಉಪ್ಪೂ ಬ್ಯಾಡ... ಖಾರವೂ ಬ್ಯಾಡ...

"ನೀನು ಇದ್ನೇ ಓದಿರೋಳಲ್ವಾ?" ಅತ್ತೆ ಕೇಳಿದರು. "ಇದು ಒರಿಜಿನಲ್ಲಾ?"

ಅದೇ ಪ್ರಶ್ನೆ. ಈ ಸಲ ತಪ್ಪಿಸಿಕೊಳ್ಳಲಿಲ್ಲ. ನಾನೇ ಮಾಡಿದ್ದು ಅತ್ತೆ ಎಂದು ಶುರು ಮಾಡಿ ಎಲ್ಲ ಹೇಳಿದೆ. ಆಮೇಲೆ ಮಗಳನ್ನು ಮೊಣಕಾಲಿನ ಮೇಲೆ ಮಲಗಿಸಿಕೊಂಡು, ಅಜ್ಜಿ ಅನ್ನುತ್ತಿದ್ದ ಹಾಗೇ ಅಂದೆ, ಮೊದಲಿಂದ ಕೊನೆಯವರೆಗೆ. ಅಳ್ತೀಯಾ? ಅತ್ರೆ ತಿಂದ್ಬುಡ್ತೀನಿ ಕಣೇ ನಿನ್ನ. ಬೆಣ್ಣೆ ಮುದ್ದೆ ಅಂಗವ್ಳೆ. ಉಪ್ಪೂ ಬ್ಯಾಡ, ಖಾರವೂ ಬ್ಯಾಡ... ಥೂ ಥೂ, ನನ್ ಕಣ್ಣೇ ತಾಕೀತು. ನಗಲು ಮಾತ್ರ ಆಗಲಿಲ್ಲ, ಅತ್ತುಬಿಟ್ಟೆ.

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. "ಅಷ್ಟೇನಾ? ಅದ್ನ ನಾನೂ ಅಂತೀನಲ್ಲವ್ವ!"

"ಹ್ಞೂಂ ಅತ್ತೆ."

"ಅವತ್ತೇ ಆ ಬೀಗಿತ್ತಿಗೆ ಇಷ್ಟು ಹೇಳಿದ್ರೆ ಆಗೋಗಿರೋದಲ್ಲ."

"ಆಗೋಗಿರೋದು."

ಅವರು ಇನ್ನೇನೋ ಹೇಳಲು ಹೊರಟವರು ಫೋನು ನೋಡಿ ಬಾಯಿಗೆ ಸೆರಗು ಹಿಡಿದರು. "ಅಯ್ಯೋ, ನಾನಾಗ್ಲೇ ನಮ್ ಅಕ್ಕತಂಗೇರ್ಗೆಲ್ಲ ಕಳ್ಸ್ಬುಟ್ಟೆ ಕಣವ್ವ." ಅಷ್ಟರಲ್ಲಿ ಯಾರೋ ಉತ್ತರವನ್ನೂ ಕೊಟ್ಟಿದ್ದರು. ಅತ್ತೆ ಅಕ್ಷರ ಕೂಡಿಸಿ ಓದಿದರು: "ಈ ಮುದುಕಿ ಇನ್ನೂ ಬದುಕವ್ಳಾ? ಯಾವೂರು?"

ಹಂಡೆಯ ನೀರು ಆರುತ್ತಿತ್ತು. ಹೊಗೆ ತೆಳ್ಳಗಾಗಿ ತೊಲೆಯ ಹತ್ತಿರ ನಿಂತಿತ್ತು. "ಏನಂತ ಹೇಳ್ಲವ್ವ?" ಎಂದು ಅತ್ತೆ ಕೇಳಿದರು.

"ತೀರ್ಕೊಂಡ್ರು ಅನ್ನಿ ಅತ್ತೆ" ಅಂದೆ. "ತುಂಬಾ ನೆಗಾಡೋರು ಅಂತಲೂ ಅನ್ನಿ."